ಜಾಲದ ಆಕಾರವೇ ಅರ್ಧ ಕೆಲಸ: ಹತ್ತು ಸುತ್ತಿನಲ್ಲಿ ಮೂರು ಬಣ್ಣ ಹಂಚುವ ವಿತರಿತ ಅಲ್ಗಾರಿದಮ್

ಸಾವಿರ ಸ್ವಿಚ್‌ಗಳಿರುವ ಜಾಲವೊಂದಿದೆ ಎನ್ನಿ. ಎಲ್ಲಕ್ಕೂ ಹೊಸ ಫರ್ಮ್‌ವೇರ್ ಹಾಕಿ ಮರುಚಾಲನೆ ಮಾಡಬೇಕು. ಷರತ್ತು ಒಂದೇ: ಕೇಬಲ್‌ನಿಂದ ನೇರವಾಗಿ ಜೋಡಿಸಿದ ಎರಡು ಸ್ವಿಚ್‌ಗಳು ಒಂದೇ ಹೊತ್ತಿಗೆ ಕಣ್ಣು ಮುಚ್ಚಬಾರದು, ಏಕೆಂದರೆ ಒಂದು ಎಡವಿದರೆ ಹೊಸ ಫೈಲನ್ನು ಪಕ್ಕದ್ದು ಕೊಡಬೇಕು. ಎಲ್ಲವನ್ನೂ ನೋಡಿ ನಿರ್ಧರಿಸುವ ಯಜಮಾನ ಕಂಪ್ಯೂಟರ್ ಇಲ್ಲ. ಪ್ರತಿ ಸ್ವಿಚ್‌ಗೂ ತನ್ನ ಸಂಖ್ಯೆ ಗೊತ್ತು, ತನ್ನ ಪಕ್ಕದವರು ಗೊತ್ತು, ಅಷ್ಟೇ. ಹೀಗಿರುವಾಗ ಯಾವ ಸ್ವಿಚ್ ಯಾವ ಪಾಳಿಯಲ್ಲಿ ಮರುಚಾಲನೆಯಾಗಬೇಕು?

ಇದು ಗ್ರಾಫ್‌ಗೆ, ಅಂದರೆ ನೋಡ್‌ಗಳು (ಇಲ್ಲಿ ಸ್ವಿಚ್‌ಗಳು) ಮತ್ತು ಅವನ್ನು ಜೋಡಿಸುವ ಕೊಂಡಿಗಳ ಜಾಲಕ್ಕೆ, ಬಣ್ಣ ಹಚ್ಚುವ ಸಮಸ್ಯೆ. ಪಾಳಿಯೇ ಬಣ್ಣ, ಅಕ್ಕಪಕ್ಕದವರಿಗೆ ಒಂದೇ ಬಣ್ಣ ಬರಬಾರದು. ಆಕಾರ ಗೊತ್ತಿಲ್ಲದ ಜಾಲದಲ್ಲಿ ಇದು ಹೆಣಗಾಟದ ಕೆಲಸ. ಜಾಲವು ಎಲ್ಲಿಯೂ ವೃತ್ತವಿಲ್ಲದ ಮರದಂತಿದ್ದು, ಪ್ರತಿ ನೋಡ್‌ಗೂ ತನ್ನ ಮೇಲಿನದು ಯಾವುದೆಂದು ಗೊತ್ತಿದ್ದರೆ ಮಾತ್ರ ಚಿತ್ರವೇ ಬದಲಾಗುತ್ತದೆ: ಸಾವಿರ ನೋಡ್ ಇರಲಿ, ಹತ್ತು ಕೋಟಿ ಇರಲಿ, ಹತ್ತೇ ಸುತ್ತಿನ ಮಾತುಕತೆಯಲ್ಲಿ ಮೂರು ಬಣ್ಣ ಸಾಕಾಗುತ್ತದೆ. ಅದನ್ನು ಕಟ್ಟುವುದು ಹೇಗೆ, ಮರ ಕೈತಪ್ಪಿದಾಗ ಏನು ಮಾಡಬೇಕು ಎಂಬುದನ್ನು ಇಲ್ಲಿ ಹಂತಹಂತವಾಗಿ ಬಿಡಿಸಿದ್ದೇನೆ. ಬೈನರಿ ಸಂಖ್ಯೆ ಗೊತ್ತಿದ್ದರೆ ಸಾಕು, ಉಳಿದದ್ದು ದಾರಿಯಲ್ಲೇ ಸಿಗುತ್ತದೆ.

ಆಟದ ನಿಯಮ

ಕಾಲವನ್ನು ಸುತ್ತುಗಳಾಗಿ ಕತ್ತರಿಸಿಕೊಳ್ಳೋಣ. ಒಂದು ಸುತ್ತಿನಲ್ಲಿ ಪ್ರತಿ ನೋಡ್ ತನ್ನ ಪಕ್ಕದವರಿಗೆ ಒಂದೊಂದು ಸಂದೇಶ ಕಳುಹಿಸುತ್ತದೆ, ಅವರಿಂದ ಬಂದದ್ದನ್ನು ಓದುತ್ತದೆ, ಒಳಗೆ ಬೇಕಾದಷ್ಟು ಲೆಕ್ಕ ಮಾಡಿಕೊಳ್ಳುತ್ತದೆ. ನಾವು ಎಣಿಸುವುದು ಸುತ್ತುಗಳನ್ನು ಮಾತ್ರ. ಇದಕ್ಕೊಂದು ನೇರ ಪರಿಣಾಮವಿದೆ: ಹತ್ತು ಸುತ್ತಿನಲ್ಲಿ ಮುಗಿಯುವ ಅಲ್ಗಾರಿದಮ್‌ನಲ್ಲಿ ಯಾವ ನೋಡ್‌ಗೂ ಹತ್ತು ಹೆಜ್ಜೆಗಿಂತ ಆಚೆಗಿನ ಸುದ್ದಿ ತಲುಪಿರುವುದಿಲ್ಲ. ಆದ್ದರಿಂದ ಕೈಹಾಕುವ ಮೊದಲು ಕೇಳಿಕೊಳ್ಳಿ, ನನ್ನ ಸಮಸ್ಯೆಗೆ ಅಷ್ಟು ಹತ್ತಿರದ ಸುದ್ದಿ ಸಾಕೇ? ಇಡೀ ಜಾಲಕ್ಕೆ ಒಬ್ಬ ನಾಯಕನನ್ನು ಆರಿಸುವುದು, ಎಲ್ಲ ನೋಡ್‌ಗಳನ್ನೂ ಸೇರಿಸುವ ಕನಿಷ್ಠ ವೆಚ್ಚದ ಮರ ಕಟ್ಟುವುದು ಇವೆಲ್ಲ ಈ ಜಾತಿಗೆ ಸೇರುವುದಿಲ್ಲ. ಅವುಗಳಿಗೆ ಜಾಲದ ವ್ಯಾಸದಷ್ಟಾದರೂ (ಅತಿ ದೂರದ ಎರಡು ನೋಡ್‌ಗಳ ನಡುವಿನ ಹೆಜ್ಜೆಗಳಷ್ಟು) ಸುತ್ತು ಬೇಕು. (ಅಲ್ಲಿಯೂ ಆಕಾರ ನೆರವಾಗುತ್ತದೆ. ಸಂದೇಶಗಳು ಚಿಕ್ಕದಾಗಿರಬೇಕು ಎಂದರೆ, ಕನಿಷ್ಠ ವೆಚ್ಚದ ಮರಕ್ಕೆ ಸಾಮಾನ್ಯ ಜಾಲದಲ್ಲಿ ವ್ಯಾಸ ಚಿಕ್ಕದಿದ್ದರೂ ನೋಡ್ ಸಂಖ್ಯೆಯ ವರ್ಗಮೂಲದಷ್ಟು ಸುತ್ತು ಬೇಕಾಗಬಹುದು. ಗೆರೆಗಳು ಒಂದನ್ನೊಂದು ದಾಟದಂತೆ ಕಾಗದದ ಮೇಲೆ ಬಿಡಿಸಬಹುದಾದ ಸಮತಲ ಜಾಲಗಳಲ್ಲಿ ಹೆಚ್ಚುಕಡಿಮೆ ವ್ಯಾಸದಷ್ಟೇ ಸಾಕು ಎಂದು ಘಫಾರಿ ಮತ್ತು ಹಾಯ್ಪ್ಲರ್ 2016ರಲ್ಲಿ ತೋರಿಸಿದರು.)

ಬಣ್ಣದ ಸಮಸ್ಯೆ ಹತ್ತಿರದ ಸುದ್ದಿಯಲ್ಲೇ ಬಗೆಹರಿಯುವಂಥದ್ದು. ಮುಂದೆ ಹೋಗೋಣ.

ಹಂತ 1: ಬಣ್ಣ ಈಗಾಗಲೇ ಕೈಯಲ್ಲಿದೆಯೇ ನೋಡಿ

ಎಷ್ಟೋ ಸಲ ಅಲ್ಗಾರಿದಮ್ಮೇ ಬೇಕಾಗಿರುವುದಿಲ್ಲ. ಡೇಟಾ ಸೆಂಟರ್‌ನ ಲೀಫ್-ಸ್ಪೈನ್ ಜೋಡಣೆಯಲ್ಲಿ ಪ್ರತಿ ಲೀಫ್ ಸ್ವಿಚ್ ಪ್ರತಿ ಸ್ಪೈನ್ ಸ್ವಿಚ್‌ಗೆ ಸೇರಿರುತ್ತದೆ. ಲೀಫ್-ಲೀಫ್, ಸ್ಪೈನ್-ಸ್ಪೈನ್ ಸಂಪರ್ಕ ಇರುವುದಿಲ್ಲ. ಯಾವುದು ಲೀಫ್, ಯಾವುದು ಸ್ಪೈನ್ ಎಂಬುದು ಸ್ವಿಚ್‌ನ ಸಂರಚನೆಯಲ್ಲೇ ಬರೆದಿರುತ್ತದೆ. ಲೀಫ್‌ಗೆ 0, ಸ್ಪೈನ್‌ಗೆ 1. ಒಂದು ಸಂದೇಶವೂ ಇಲ್ಲದೆ ಕೆಲಸ ಮುಗಿಯಿತು. ಚೌಕಳಿ ಜಾಲದಲ್ಲಿ ಸಾಲು ಮತ್ತು ಕಂಬದ ಸಂಖ್ಯೆ ಗೊತ್ತಿದ್ದರೆ ಅವೆರಡನ್ನು ಕೂಡಿಸಿ ಸಮವೋ ಬೆಸವೋ ನೋಡಿದರಾಯಿತು. ಇಂಥ ಕಡೆ ಜಾಣ ಅಲ್ಗಾರಿದಮ್ ತಂದು ಕೂರಿಸುವವರನ್ನು ಕಂಡರೆ ನನಗೆ ಕನಿಕರವಾಗುತ್ತದೆ.

ಹಾಗೆಯೇ, ಜಾಲ ಚಿಕ್ಕದಿದ್ದು ಎಲ್ಲ ಸ್ವಿಚ್‌ಗಳಿಗೂ ಒಂದು ನಿಯಂತ್ರಕ ಯಂತ್ರ ಇದ್ದರೆ, ಅದರಲ್ಲೇ ಬಣ್ಣ ಹಂಚಿ ಕಳುಹಿಸಿಬಿಡಿ. ಮುಂದಿನ ಹಂತಗಳು ಅಂಥ ಯಂತ್ರ ಇಲ್ಲದ, ಇದ್ದರೂ ತಲುಪಲಾಗದ ಅಥವಾ ಅದನ್ನು ನಂಬಲು ಇಷ್ಟವಿಲ್ಲದ ಜಾಲಗಳಿಗೆ.

ಹಂತ 2: ತಾಯಿಯನ್ನು ಹುಡುಕಿ

ಮರದಲ್ಲಿ ಬೇರಿನ ಕಡೆಗಿರುವ ಪಕ್ಕದ ನೋಡನ್ನು ತಾಯಿ ಎನ್ನೋಣ, ಎಲೆಗಳ ಕಡೆಗಿರುವವರನ್ನು ಮಕ್ಕಳು. ಪ್ರತಿ ನೋಡ್‌ಗೂ ತನ್ನ ತಾಯಿ ಯಾರೆಂಬುದು ಗೊತ್ತಿರಬೇಕು. ಈ ಮಾಹಿತಿ ನಿಮ್ಮ ಜಾಲದಲ್ಲಿ ಈಗಾಗಲೇ ಬಿದ್ದಿರುವ ಸಾಧ್ಯತೆ ಹೆಚ್ಚು. ರೇಡಿಯಾ ಪರ್ಲ್‌ಮನ್ 1985ರಲ್ಲಿ ರೂಪಿಸಿದ ಸ್ಪ್ಯಾನಿಂಗ್ ಟ್ರೀ ಪ್ರೋಟೋಕಾಲ್ ನಡೆಯುತ್ತಿರುವ ಈಥರ್ನೆಟ್ ಜಾಲದಲ್ಲಿ ಬೇರಿನ ಸ್ವಿಚ್ ಬಿಟ್ಟು ಉಳಿದ ಪ್ರತಿ ಸ್ವಿಚ್‌ಗೂ ಒಂದು ರೂಟ್ ಪೋರ್ಟ್ ಇರುತ್ತದೆ. ಆ ಪೋರ್ಟಿನ ಆಚೆಗಿರುವುದೇ ತಾಯಿ. ಕಡಿಮೆ ವಿದ್ಯುತ್ತಿನ ಸಂವೇದಕ ಜಾಲಗಳಲ್ಲಿ ಬಳಸುವ ಆರ್‌ಪಿಎಲ್ ಪ್ರೋಟೋಕಾಲ್‌ನಲ್ಲಿ ಪ್ರತಿ ನೋಡ್ ತನ್ನ ಮೆಚ್ಚಿನ ತಾಯಿಯನ್ನು ಆರಿಸಿಟ್ಟುಕೊಂಡಿರುತ್ತದೆ.

ಒಂದು ಎಚ್ಚರಿಕೆ. ಸ್ಪ್ಯಾನಿಂಗ್ ಟ್ರೀ ತಡೆಹಿಡಿದಿರುವ ಕೇಬಲ್‌ಗಳು ಮರದ ಭಾಗವಲ್ಲ. ಆ ಕೇಬಲ್‌ನ ಎರಡು ತುದಿಗಳಿಗೆ ಒಂದೇ ಬಣ್ಣ ಬಂದರೆ ನಿಮ್ಮ ಕೆಲಸಕ್ಕೆ ತೊಂದರೆಯೇ ಎಂದು ಮೊದಲೇ ನಿರ್ಧರಿಸಿ. ತೊಂದರೆ ಎಂದಾದರೆ ಹಂತ 7ಕ್ಕೆ ಹೋಗಿ. ರೇಡಿಯೋ ಜಾಲಕ್ಕೆ ಪ್ರಸಾರದ ಸರದಿ ಹಂಚಲು ಹೊರಟವರಿಗೂ ಈ ಮರದ ಬಣ್ಣ ಸಾಲದು: ಒಂದೇ ತಾಯಿಯ ಇಬ್ಬರು ಮಕ್ಕಳಿಗೆ ಒಂದೇ ಬಣ್ಣ ಬರಬಹುದು, ಆಗ ಇಬ್ಬರ ಸಂದೇಶವೂ ತಾಯಿಯ ಬಳಿ ಡಿಕ್ಕಿ ಹೊಡೆಯುತ್ತದೆ.

ಮರಕ್ಕೆ ಎರಡೇ ಬಣ್ಣ ಸಾಕಲ್ಲ, ಮೂರು ಯಾಕೆ ಎಂದು ಕೇಳಬಹುದು. ಸಾಕು, ನಿಜ. ಆದರೆ ಎರಡೇ ಬಣ್ಣ ಎಂದರೆ ಪ್ರತಿ ನೋಡ್‌ಗೂ ತಾನು ಬೇರಿನಿಂದ ಸಮ ದೂರದಲ್ಲಿದ್ದೇನೋ ಬೆಸ ದೂರದಲ್ಲಿದ್ದೇನೋ ತಿಳಿಯಬೇಕು. ಸಾವಿರ ಸ್ವಿಚ್‌ಗಳ ಸರಪಳಿಯಲ್ಲಿ ಆ ಸುದ್ದಿ ಬೇರಿನಿಂದ ಕೊನೆಯವರೆಗೆ ನಡೆದು ಬರಲು 999 ಸುತ್ತು. ಒಂದು ಬಣ್ಣ ಹೆಚ್ಚು ಕೊಟ್ಟರೆ ಅದೇ ಕೆಲಸ ಹತ್ತು ಸುತ್ತಿಗೆ ಇಳಿಯುತ್ತದೆ.

ಹಂತ 3: ಸಂಖ್ಯೆಯನ್ನು ಬಿಟ್ ಲೆಕ್ಕದಲ್ಲಿ ಕುಗ್ಗಿಸಿ

ಆರಂಭದಲ್ಲಿ ಪ್ರತಿ ನೋಡ್‌ನ ಗುರುತಿನ ಸಂಖ್ಯೆಯೇ ಅದರ ಬಣ್ಣ. ಎಲ್ಲ ಬೇರೆಬೇರೆ, ಆದ್ದರಿಂದ ನಿಯಮಕ್ಕೆ ಭಂಗವಿಲ್ಲ. ಬಣ್ಣಗಳು ಮಾತ್ರ ವಿಪರೀತ. ರಿಚರ್ಡ್ ಕೋಲ್ ಮತ್ತು ಉಜಿ ವಿಶ್ಕಿನ್ 1986ರಲ್ಲಿ ಪ್ರಕಟಿಸಿದ ಉಪಾಯ ಇವುಗಳನ್ನು ಒಂದೊಂದು ಸುತ್ತಿನಲ್ಲೂ ಭಾರಿ ಪ್ರಮಾಣದಲ್ಲಿ ಕುಗ್ಗಿಸುತ್ತದೆ. ಮರುವರ್ಷವೇ ಗೋಲ್ಡ್‌ಬರ್ಗ್, ಪ್ಲಾಟ್ಕಿನ್, ಶಾನನ್ ಅದನ್ನು ಮರಗಳಿಗೂ ವಿರಳ (ಕೊಂಡಿಗಳು ಕಡಿಮೆಯಿರುವ) ಗ್ರಾಫ್‌ಗಳಿಗೂ ಹಬ್ಬಿಸಿದರು. (ಈ ಶಾನನ್ ಮಾಹಿತಿ ಸಿದ್ಧಾಂತದ ಶಾನನ್ ಅಲ್ಲ.)

ಪ್ರತಿ ಸುತ್ತಿನಲ್ಲೂ ತಾಯಿ ತನ್ನ ಈಗಿನ ಬಣ್ಣವನ್ನು ಮಕ್ಕಳಿಗೆ ಹೇಳುತ್ತಾಳೆ. ಅದನ್ನು ಕೇಳಿದ ಮಗು ಮಾಡಬೇಕಾದದ್ದು ಇಷ್ಟು:

ವ್ಯತ್ಯಾಸ = ನನ್ನ ಬಣ್ಣ ಮತ್ತು ತಾಯಿಯ ಬಣ್ಣದ ಎಕ್ಸಾರ್ (ಬಿಟ್‌ಗಳು ಬೇರೆಯಿರುವ ಕಡೆ 1, ಒಂದೇ ಇರುವ ಕಡೆ 0)
ಸ್ಥಾನ = ವ್ಯತ್ಯಾಸದಲ್ಲಿ ಬಲತುದಿಗೆ ಅತಿ ಹತ್ತಿರದ 1 ಇರುವ ಜಾಗ (ಎಣಿಕೆ 0ಯಿಂದ)
ಹೊಸ ಬಣ್ಣ = 2 × ಸ್ಥಾನ + ಆ ಸ್ಥಾನದಲ್ಲಿರುವ ನನ್ನ ಬಿಟ್

ಬೇರಿಗೆ ತಾಯಿ ಇಲ್ಲ. ಅದು ತನ್ನ ಸ್ಥಾನ 0 ಎಂದೇ ಹಿಡಿದು, ತನ್ನ ಬಲತುದಿಯ ಬಿಟ್ಟನ್ನೇ ಹೊಸ ಬಣ್ಣವಾಗಿ ಇಟ್ಟುಕೊಳ್ಳುತ್ತದೆ.

ಆರು ನೋಡ್‌ಗಳ ಮರದಲ್ಲಿ ಮಾಡಿ ನೋಡೋಣ. ಬೇರು ಕ. ಅದರ ಮಗು ಖ. ಖ ನೋಡ್‌ಗೆ ಇಬ್ಬರು ಮಕ್ಕಳು, ಗ ಮತ್ತು ಘ. ಗ ನೋಡ್‌ನ ಮಗು ಚ, ಘ ನೋಡ್‌ನ ಮಗು ಜ. ಗುರುತಿನ ಸಂಖ್ಯೆಗಳು ಎಂಟು ಬಿಟ್‌ನವು:

ಕ = 181 = 10110101
ಖ = 165 = 10100101
ಗ = 37 = 00100101
ಘ = 164 = 10100100
ಚ = 53 = 00110101
ಜ = 172 = 10101100

ಖ ತನ್ನನ್ನು ಕ ಜೊತೆ ಹೋಲಿಸುತ್ತದೆ. ಬಲದಿಂದ ಬಂದರೆ ಮೊದಲ ವ್ಯತ್ಯಾಸ 4ನೇ ಸ್ಥಾನದಲ್ಲಿ. ಅಲ್ಲಿ ಖ ಬಿಟ್ 0. ಹೊಸ ಬಣ್ಣ 2 × 4 + 0 = 8. ಗ ಮತ್ತು ಖ ನಡುವೆ 7ನೇ ಸ್ಥಾನ ಮಾತ್ರ ಬೇರೆ, ಗ ಬಿಟ್ 0, ಹೊಸ ಬಣ್ಣ 14. ಘ ಮತ್ತು ಖ ನಡುವೆ 0ನೇ ಸ್ಥಾನವೇ ಬೇರೆ, ಬಿಟ್ 0, ಬಣ್ಣ 0. ಚ ಮತ್ತು ಗ: 4ನೇ ಸ್ಥಾನ, ಬಿಟ್ 1, ಬಣ್ಣ 9. ಜ ಮತ್ತು ಘ: 3ನೇ ಸ್ಥಾನ, ಬಿಟ್ 1, ಬಣ್ಣ 7. ಬೇರಿನ ಬಲತುದಿ 1, ಆದ್ದರಿಂದ ಬಣ್ಣ 1.

ಮೊದಲ ಸುತ್ತಿನ ಕೊನೆಗೆ: ಕ 1, ಖ 8, ಗ 14, ಘ 0, ಚ 9, ಜ 7.
ಎರಡನೆಯದರ ಕೊನೆಗೆ: ಕ 1, ಖ 0, ಗ 3, ಘ 6, ಚ 1, ಜ 1.
ಮೂರನೆಯದರ ಕೊನೆಗೆ: ಕ 1, ಖ 0, ಗ 1, ಘ 3, ಚ 2, ಜ 1.

ಎರಡನೇ ಮತ್ತು ಮೂರನೇ ಸಾಲನ್ನು ಪೆನ್ನು ಹಿಡಿದು ನೀವೇ ಒಮ್ಮೆ ಮಾಡಿ. ಓದಿ ದಾಟಿದರೆ ಈ ಉಪಾಯ ಕೈಗೆ ಹತ್ತುವುದಿಲ್ಲ. ಎಲ್ಲಿಯೂ ತಾಯಿ-ಮಗುವಿಗೆ ಒಂದೇ ಬಣ್ಣ ಬಂದಿಲ್ಲ ಎಂಬುದನ್ನೂ ಗಮನಿಸಿ.

ಅದು ಆಕಸ್ಮಿಕವಲ್ಲ. ಮಗು ಆರಿಸಿದ ಸ್ಥಾನ, ತಾಯಿ (ತನ್ನ ತಾಯಿಗೆ ಹೋಲಿಸಿ) ಆರಿಸಿದ ಸ್ಥಾನ ಎರಡೂ ಬೇರೆಯಾಗಿದ್ದರೆ ಹೊಸ ಬಣ್ಣಗಳು ತಾವಾಗಿಯೇ ಬೇರೆ, ಯಾಕೆಂದರೆ ಬಣ್ಣವನ್ನು ಎರಡರಿಂದ ಭಾಗಿಸಿದಾಗ ಸಿಗುವುದು ಸ್ಥಾನ. ಸ್ಥಾನ ಒಂದೇ ಆಗಿದ್ದರೆ? ಆ ಸ್ಥಾನದಲ್ಲಿ ತನ್ನ ಬಿಟ್ ತಾಯಿಯದಕ್ಕಿಂತ ಬೇರೆ ಎಂಬ ಕಾರಣಕ್ಕೇ ಮಗು ಅದನ್ನು ಆರಿಸಿದ್ದು. ಹಾಗಾಗಿ ಕೊನೆಗೆ ಸೇರಿಸಿದ ಬಿಟ್ ಬೇರೆಯಾಗುತ್ತದೆ. ಇಡೀ ಸಾಧನೆಯ ಪುರಾವೆ ಇಷ್ಟೇ. ಇದರಲ್ಲಿ ತಾಯಿ ಒಬ್ಬಳೇ ಎಂಬುದು ಎಷ್ಟು ಮುಖ್ಯ ನೋಡಿ: ಮಗು ಯಾರಿಂದ ಬೇರೆಯಾಗಬೇಕು ಎಂಬ ಪ್ರಶ್ನೆಗೆ ಒಂದೇ ಉತ್ತರವಿದೆ, ತನ್ನ ಮಕ್ಕಳಿಂದ ಬೇರೆಯಾಗುವ ಹೊಣೆ ಮಕ್ಕಳದ್ದೇ. ಮರದ ಆಕಾರ ನಮಗೆ ಪುಕ್ಕಟೆಯಾಗಿ ಕೊಟ್ಟದ್ದು ಈ ಹೊಣೆಗಾರಿಕೆಯ ಹಂಚಿಕೆಯನ್ನು.

ಹಂತ 4: ಎಷ್ಟು ಸುತ್ತು ಎಂದು ಮೊದಲೇ ನಿಗದಿಮಾಡಿ

ಎಂಟು ಬಿಟ್‌ನ ಬಣ್ಣ ಇದ್ದರೆ ಸ್ಥಾನ 0ಯಿಂದ 7, ಹೊಸ ಬಣ್ಣ 0ಯಿಂದ 15, ಅಂದರೆ ನಾಲ್ಕು ಬಿಟ್. ಮುಂದೆ 0ಯಿಂದ 7, ಮೂರು ಬಿಟ್. ಮುಂದೆ 0ಯಿಂದ 5. ಅಲ್ಲಿಗೆ ನಿಂತಿತು, ಏಕೆಂದರೆ 5ಕ್ಕೂ ಮೂರು ಬಿಟ್ ಬೇಕು, ಮೂರು ಬಿಟ್‌ನಿಂದ ಮತ್ತೆ 0ಯಿಂದ 5ಕ್ಕೇ ಬರುತ್ತೇವೆ. ಈ ಉಪಾಯದ ತಳ ಆರು ಬಣ್ಣ.

ನಿಜವಾದ ವಿಳಾಸಗಳ ಲೆಕ್ಕ ಹಾಕಿ ನೋಡಿ. 48 ಬಿಟ್‌ನ ಮ್ಯಾಕ್ ವಿಳಾಸ: 96 ಬಣ್ಣ, 14 ಬಣ್ಣ, 8, 6. ನಾಲ್ಕು ಸುತ್ತು. 32 ಬಿಟ್‌ನ ಐಪಿ ವಿಳಾಸ: 64, 12, 8, 6. ಅದೂ ನಾಲ್ಕು. 128 ಬಿಟ್‌ನ ಐಪಿ ಆವೃತ್ತಿ 6ರ ವಿಳಾಸ: 256, 16, 8, 6. ಅದೂ ನಾಲ್ಕೇ! 256 ಬಿಟ್‌ಗೆ ಹೋದರೆ ಐದು. ಲಾಗರಿದಮ್‌ನ ಲಾಗರಿದಮ್‌ನ ಲಾಗರಿದಮ್ ಎನ್ನುತ್ತ ಒಂದಕ್ಕೆ ಇಳಿಯುವವರೆಗೆ ಎಷ್ಟು ಸಲ ತೆಗೆಯಬೇಕೋ ಆ ಎಣಿಕೆಯನ್ನು ಲಾಗ್-ಸ್ಟಾರ್ ಎನ್ನುತ್ತಾರೆ: 65536, 16, 4, 2, 1, ಹೀಗೆ 65536ಕ್ಕೆ ಅದು 4. ನಮ್ಮ ಸುತ್ತುಗಳು ಬೆಳೆಯುವುದು ಈ ಬಸವನಹುಳುವಿನ ವೇಗದಲ್ಲಿ.

ಇದನ್ನೂ ತಪ್ಪಿಸಿ ಸ್ಥಿರ ಸಂಖ್ಯೆಯ ಸುತ್ತಿಗೆ ಇಳಿಸಬಹುದೇ? ಇಲ್ಲ. ನೋಡ್‌ಗಳನ್ನು ಒಂದು ಉಂಗುರದಂತೆ ಜೋಡಿಸಿ, ಎಲ್ಲರಿಗೂ ಪ್ರದಕ್ಷಿಣೆಯ ದಿಕ್ಕು ಹೇಳಿಕೊಟ್ಟರೂ ಮೂರು ಬಣ್ಣಕ್ಕೆ ಲಾಗ್-ಸ್ಟಾರ್‌ನ ಸುಮಾರು ಅರ್ಧದಷ್ಟು ಸುತ್ತು ಬೇಕೇ ಬೇಕು ಎಂದು ನಾಥನ್ ಲಿನಿಯಲ್ ಸಾಧಿಸಿದರು. 1987ರಲ್ಲಿ ಮಂಡಿಸಿ 1992ರಲ್ಲಿ ವಿಸ್ತಾರವಾಗಿ ಪ್ರಕಟಿಸಿದ ಆ ಕೆಲಸಕ್ಕೆ 2013ರ ಡೈಕ್‌ಸ್ಟ್ರಾ ಪ್ರಶಸ್ತಿ ಬಂತು. ನಾಣ್ಯ ಚಿಮ್ಮಿಸಿ ಅದೃಷ್ಟ ನಂಬಿದರೂ ಈ ಮಿತಿ ಕದಲದು ಎಂದು ಮೋನಿ ನಾವೋರ್ 1991ರಲ್ಲಿ ತೋರಿಸಿದರು.

ಕೋಡ್ ಬರೆಯುವವರಿಗೆ ಇದರಿಂದ ಬರುವ ಪಾಠ ನೇರವಾದದ್ದು. ‘ನನ್ನ ಬಣ್ಣ 6ಕ್ಕಿಂತ ಕೆಳಗೆ ಬಂತು, ನಾನು ನಿಲ್ಲುತ್ತೇನೆ’ ಎಂದು ಯಾವ ನೋಡೂ ತನ್ನಷ್ಟಕ್ಕೆ ನಿಲ್ಲಬಾರದು. ಮೇಲಿನ ಉದಾಹರಣೆಯಲ್ಲಿ ಘ ಮೊದಲ ಸುತ್ತಿನಲ್ಲೇ 0ಗೆ ಬಂದಿತ್ತು. ಅದು ಅಲ್ಲೇ ನಿಂತಿದ್ದರೆ ಎರಡನೇ ಸುತ್ತಿನ ಕೊನೆಗೆ ಅದರ ತಾಯಿ ಖ ಬಣ್ಣವೂ 0 ಆಗಿ ಇಬ್ಬರೂ ಡಿಕ್ಕಿ ಹೊಡೆಯುತ್ತಿದ್ದರು. ವಿಳಾಸದ ಬಿಟ್ ಉದ್ದ ನೋಡಿ ಸುತ್ತುಗಳ ಸಂಖ್ಯೆಯನ್ನು ಮೊದಲೇ ನಿಗದಿಪಡಿಸಿ, ಎಲ್ಲರೂ ಅಷ್ಟನ್ನೂ ನಡೆಸಲಿ.

ಹಂತ 5: ಆರರಿಂದ ಮೂರಕ್ಕೆ

3, 4, 5 ಎಂಬ ಬಣ್ಣಗಳನ್ನು ಒಂದೊಂದಾಗಿ ತೆಗೆಯಬೇಕು. 3 ಎಂಬ ಬಣ್ಣದ ನೋಡ್‌ಗಳು ಪರಸ್ಪರ ಪಕ್ಕದವರಲ್ಲ, ಆದ್ದರಿಂದ ಎಲ್ಲರೂ ಒಟ್ಟಿಗೆ ಬಣ್ಣ ಬದಲಿಸಬಹುದು. ಆದರೆ ಒಬ್ಬಳಿಗೆ ಹತ್ತು ಮಕ್ಕಳಿದ್ದು, ಅವರ ನಡುವೆ 0, 1, 2 ಮೂರೂ ಬಣ್ಣ ಹಂಚಿಹೋಗಿದ್ದರೆ ಅವಳಿಗೆ ಉಳಿಯುವುದೇನು?

ಇಲ್ಲಿ ಎರಡನೇ ಉಪಾಯ ಬರುತ್ತದೆ: ಬಣ್ಣಗಳನ್ನು ಒಂದು ಮೆಟ್ಟಿಲು ಕೆಳಗೆ ಜಾರಿಸುವುದು. ಎಲ್ಲರೂ ಏಕಕಾಲಕ್ಕೆ ತಮ್ಮ ತಾಯಿಯ ಬಣ್ಣವನ್ನು ತಾವು ತೆಗೆದುಕೊಳ್ಳುತ್ತಾರೆ. ಬೇರು ಮಾತ್ರ 0, 1, 2ರಲ್ಲಿ ತನ್ನ ಹಳೆಯ ಬಣ್ಣವಲ್ಲದ ಅತಿ ಚಿಕ್ಕದನ್ನು ಆರಿಸುತ್ತದೆ. ಹೀಗೆ ಮಾಡಿದ ಮೇಲೂ ನಿಯಮ ಕೆಡುವುದಿಲ್ಲ, ಮೇಲಾಗಿ ಒಬ್ಬಳ ಮಕ್ಕಳೆಲ್ಲರಿಗೂ ಒಂದೇ ಬಣ್ಣ ಬಂದಿರುತ್ತದೆ. ಈಗ ಯಾರ ಸುತ್ತಲೂ ಎರಡಕ್ಕಿಂತ ಹೆಚ್ಚು ಬಣ್ಣ ಇರುವುದಿಲ್ಲ: ತಾಯಿಯದೊಂದು, ಮಕ್ಕಳೆಲ್ಲರದು ಸೇರಿ ಇನ್ನೊಂದು. ಮೂರರಲ್ಲಿ ಒಂದು ಖಾಲಿ ಇದ್ದೇ ಇರುತ್ತದೆ.

ನಮ್ಮ ಮರದಲ್ಲಿ ಜಾರಿಸಿದ ಮೇಲೆ: ಕ 0, ಖ 1, ಗ 0, ಘ 0, ಚ 1, ಜ 3. ಈಗ 3 ಇರುವುದು ಜ ಬಳಿ ಮಾತ್ರ. ಅದರ ತಾಯಿಯ ಬಣ್ಣ 0, ಮಕ್ಕಳಿಲ್ಲ; ಅದು 1 ಆಗುತ್ತದೆ. ಹೀಗೆಯೇ 4ಕ್ಕೆ ಒಮ್ಮೆ, 5ಕ್ಕೆ ಒಮ್ಮೆ. ಚಿಕ್ಕ ಮರವಾದ್ದರಿಂದ ನಮಗೆ ಅವು ಬರಲೇ ಇಲ್ಲ, ಆದರೆ ಬೇರೆ ಕಡೆ ಇಲ್ಲ ಎಂದು ಯಾವ ನೋಡ್‌ಗೂ ಗೊತ್ತಿರುವುದಿಲ್ಲ, ಆದ್ದರಿಂದ ಎಲ್ಲರೂ ಮೂರೂ ಬಾರಿ ಮಾಡಬೇಕು. ಒಂದು ಬಾರಿಗೆ ಜಾರಿಸಲು ಒಂದು ಸುತ್ತು, ಬದಲಿಸಲು ಒಂದು. ಒಟ್ಟು ಆರು. ಹಿಂದಿನ ನಾಲ್ಕು ಸೇರಿ ಹತ್ತು.

ಇನ್ನೊಂದು ಸೂಕ್ಷ್ಮ, ಅಷ್ಟಾಗಿ ಯಾರೂ ಒತ್ತಿ ಹೇಳದ್ದು. ಜಾರಿಸಿದ ಮೇಲೆ ಮಕ್ಕಳ ಬಣ್ಣ ಏನು ಎಂದು ಅವರನ್ನು ಕೇಳಬೇಕಾಗಿಲ್ಲ. ಅದು ನನ್ನದೇ ಹಳೆಯ ಬಣ್ಣ. ಹಾಗಾಗಿ ಹತ್ತೂ ಸುತ್ತಿನಲ್ಲಿ ಸಂದೇಶ ಹೋಗುವುದು ತಾಯಿಯಿಂದ ಮಕ್ಕಳಿಗೆ ಮಾತ್ರ. ಮಕ್ಕಳು ಎಷ್ಟು ಜನ ಎಂಬುದೂ ತಾಯಿಗೆ ಗೊತ್ತಿರಬೇಕಾಗಿಲ್ಲ, ಒಂದು ಪ್ರಸಾರ ಸಾಕು.

ಹಂತ 6: ಸಿಮ್ಯುಲೇಟರ್‌ನಲ್ಲಿ ಪರೀಕ್ಷಿಸಿ

ನಿಜವಾದ ಜಾಲಕ್ಕೆ ಇಳಿಸುವ ಮೊದಲು ಪೈಥಾನ್‌ನಂಥ ಭಾಷೆಯಲ್ಲಿ ಐವತ್ತು ಸಾಲಿನ ಸಿಮ್ಯುಲೇಟರ್ ಬರೆಯಿರಿ. ಕಡ್ಡಾಯವಾಗಿ ಎರಡು ಪಟ್ಟಿ ಇಟ್ಟುಕೊಳ್ಳಿ: ಸುತ್ತಿನ ಆರಂಭದ ಬಣ್ಣಗಳು ಒಂದರಲ್ಲಿ, ಹೊಸವು ಇನ್ನೊಂದರಲ್ಲಿ. ಒಂದೇ ಪಟ್ಟಿಯಲ್ಲಿ ತಿದ್ದುತ್ತ ಹೋದರೆ ಮಗು ತಾಯಿಯ ಹೊಸ ಬಣ್ಣ ನೋಡಿ ಲೆಕ್ಕ ಮಾಡುತ್ತದೆ. ಇದರ ಕೆಡುಕು ಎಂದರೆ ಚಿಕ್ಕ ಮರಗಳಲ್ಲಿ ಎಷ್ಟೋ ಸಲ ಉತ್ತರ ಸರಿಯಾಗಿಯೇ ಬಂದುಬಿಡುತ್ತದೆ, ತಪ್ಪು ಒಳಗೇ ಕುಳಿತಿರುತ್ತದೆ. ಕೊನೆಯಲ್ಲಿ ಮಾತ್ರವಲ್ಲ, ಪ್ರತಿ ಸುತ್ತಿನ ನಂತರವೂ ಎಲ್ಲ ತಾಯಿ-ಮಗು ಜೋಡಿಯ ಬಣ್ಣ ಬೇರೆಯೇ ಎಂದು ಪರೀಕ್ಷಿಸಿ.

ಯಾವ ಮರಗಳು? ಒಂದೇ ನೋಡ್ ಇರುವ ಮರ. ಉದ್ದನೆಯ ಸರಪಳಿ. ಒಬ್ಬ ತಾಯಿಗೆ ಸಾವಿರ ಮಕ್ಕಳಿರುವ ನಕ್ಷತ್ರ. ಸಂಖ್ಯೆಗಳು 1, 2, 3 ಎಂದು ಸಾಲಾಗಿರುವುದು, ಅಡ್ಡಾದಿಡ್ಡಿ ಇರುವುದು, ಎತ್ತರದ ಬಿಟ್‌ನಲ್ಲಿ ಮಾತ್ರ ವ್ಯತ್ಯಾಸವಿರುವುದು. ಕೊನೆಗೆ, ಬೇಕೆಂದೇ ತಾಯಿ-ಮಗುವಿಗೆ ಒಂದೇ ಸಂಖ್ಯೆ ಕೊಟ್ಟು ನೋಡಿ. ಎಕ್ಸಾರ್ ಸೊನ್ನೆ ಬರುತ್ತದೆ, ಅದರಲ್ಲಿ 1 ಇರುವ ಸ್ಥಾನವೇ ಇಲ್ಲ. ಬಲತುದಿಯ 1 ಹುಡುಕುವ ರೂಢಿಯ ಸೂತ್ರ ಆಗ −1 ಎಂದು ಹೇಳುತ್ತದೆ, ಮುಂದಿನ ಬಿಟ್ ಶಿಫ್ಟ್‌ನಲ್ಲಿ ಪೈಥಾನ್ ದೋಷ ಕೊಟ್ಟು ನಿಲ್ಲುತ್ತದೆ. ನಿಂತರೆ ಒಳ್ಳೆಯದೇ. ಸಿ ಭಾಷೆಯಲ್ಲಿ ಅಂಥ ಶಿಫ್ಟ್‌ಗೆ ಯಾವ ಖಾತರಿಯೂ ಇಲ್ಲ, ಕಸ ಬಣ್ಣ ಸದ್ದಿಲ್ಲದೆ ಮುಂದೆ ಹೋಗಬಹುದು. ವರ್ಚುವಲ್ ಯಂತ್ರಗಳನ್ನು ನಕಲು ಮಾಡುವಾಗ ಮ್ಯಾಕ್ ವಿಳಾಸವೂ ನಕಲಾಗುವುದು ನಡೆಯುತ್ತಲೇ ಇರುತ್ತದೆ, ಆದ್ದರಿಂದ ಸೊನ್ನೆಯ ತಪಾಸಣೆ ಬಿಡಬೇಡಿ.

ನಿಜವಾದ ಜಾಲದಲ್ಲಿ ಗಡಿಯಾರಗಳು ಹೊಂದುವುದಿಲ್ಲ. ಪ್ರತಿ ಸಂದೇಶಕ್ಕೂ ಸುತ್ತಿನ ಸಂಖ್ಯೆ ಅಂಟಿಸಿ. ತಾಯಿಯ ನಾಲ್ಕನೇ ಸುತ್ತಿನ ಬಣ್ಣ ಬರುವವರೆಗೆ ಮಗು ಐದನೆಯದನ್ನು ಆರಂಭಿಸದಿರಲಿ.

ಹಂತ 7: ತಾಯಿಯೇ ಇಲ್ಲದಿದ್ದರೆ ಸಿಪ್ಪೆ ಸುಲಿಯಿರಿ

ಜಾಲ ಮರವೇ, ಆದರೆ ಬೇರು ಯಾರೆಂದು ನಿಗದಿಯಾಗಿಲ್ಲ ಎನ್ನಿ. ಮರದಲ್ಲಿ ಕೊಂಡಿಗಳು ನೋಡ್‌ಗಳಿಗಿಂತ ಒಂದು ಕಡಿಮೆ, ಆದ್ದರಿಂದ ಸರಾಸರಿ ಒಬ್ಬರಿಗೆ ಎರಡಕ್ಕಿಂತ ಕಡಿಮೆ ಪಕ್ಕದವರು. ಲೆಕ್ಕ ಹಾಕಿದರೆ ಕನಿಷ್ಠ ಮೂರನೇ ಒಂದು ಭಾಗದಷ್ಟು ನೋಡ್‌ಗಳಿಗೆ ಎರಡು ಅಥವಾ ಅದಕ್ಕಿಂತ ಕಡಿಮೆ ಪಕ್ಕದವರಿರುತ್ತಾರೆ. ಅವರೆಲ್ಲ ‘ನಾನು ಹೊರಟೆ’ ಎಂದು ಹೇಳಿ ಹೊರಬರಲಿ. ಅದು ಮೊದಲ ಪದರ. ಉಳಿದವರಲ್ಲಿ ಮತ್ತೆ ಅದೇ. ಹತ್ತು ಲಕ್ಷ ನೋಡ್‌ಗಳಿದ್ದರೂ 35 ಸುತ್ತಿನಲ್ಲಿ ಎಲ್ಲರೂ ಹೊರಬಂದಿರುತ್ತಾರೆ.

ಒಂದೇ ಪದರದವರ ನಡುವಿನ ಕೊಂಡಿಗಳನ್ನಷ್ಟೇ ನೋಡಿದರೆ ಸಿಗುವುದು ಬರೀ ಸರಪಳಿಗಳು. ಪ್ರತಿ ಕೊಂಡಿಯಲ್ಲಿ ದೊಡ್ಡ ಸಂಖ್ಯೆಯವರನ್ನು ತಾಯಿ ಎನ್ನಿ. ಒಬ್ಬರಿಗೆ ಇಬ್ಬರು ತಾಯಂದಿರು ಬರಬಹುದು. ಒಬ್ಬಳನ್ನು ಮೊದಲ ಕಾಡಿಗೆ (ಕಾಡು ಎಂದರೆ ಮರಗಳ ಗುಂಪು), ಇನ್ನೊಬ್ಬಳನ್ನು ಎರಡನೇ ಕಾಡಿಗೆ ಸೇರಿಸಿ. ಎರಡೂ ಕಾಡಿನಲ್ಲಿ ಮೇಲಿನ ಹತ್ತು ಸುತ್ತು ಒಟ್ಟಿಗೆ ನಡೆದರೆ ಬಣ್ಣಗಳ ಜೋಡಿ ಸಿಗುತ್ತದೆ, ಅಂದರೆ ಒಂಬತ್ತು ಬಣ್ಣ. ಪಕ್ಕದವರು ಇಬ್ಬರೇ ಆದ್ದರಿಂದ ಹೆಚ್ಚುವರಿ ಆರನ್ನು ಒಂದೊಂದು ಸುತ್ತಿನಲ್ಲಿ ತೆಗೆದು ಮೂರಕ್ಕೆ ಇಳಿಸಿ. ಬಳಿಕ ಕೊನೆಯ ಪದರದಿಂದ ಮೊದಲನೆಯದರತ್ತ ಬನ್ನಿ. ಪ್ರತಿ ಪದರಕ್ಕೆ ಮೂರು ಸುತ್ತು: 0 ಇರುವವರು, 1 ಇರುವವರು, 2 ಇರುವವರು ಸರದಿಯಲ್ಲಿ ಅಂತಿಮ ಬಣ್ಣ ಆರಿಸುತ್ತಾರೆ. ಹೊರಬರುವ ಹೊತ್ತಿಗೆ ಅವರಿಗೆ ಉಳಿದಿದ್ದ ಪಕ್ಕದವರು ಇಬ್ಬರೇ, ಆದ್ದರಿಂದ ಮೂರರಲ್ಲಿ ಒಂದು ಖಾಲಿ ಸಿಗುತ್ತದೆ. ಒಟ್ಟು 35 + 10 + 6 + 105 = 156 ಸುತ್ತು.

ಹತ್ತರ ಬದಲು 156. ತಾಯಿ ಯಾರೆಂದು ಗೊತ್ತಿಲ್ಲದಿರುವುದರ ಬೆಲೆ ಇದು. ಲೆಕ್ಕ ಬಿಗಿ ಮಾಡಿ ಸ್ವಲ್ಪ ಇಳಿಸಬಹುದೇ ಹೊರತು ಬೆಳವಣಿಗೆಯ ಗತಿ ಬದಲಾಗದು: ಬೇರಿಲ್ಲದ ಮರಗಳಿಗೆ ಮೂರು ಬಣ್ಣ ಬೇಕೆಂದರೆ ನೋಡ್ ಸಂಖ್ಯೆಯ ಲಾಗರಿದಮ್‌ನಷ್ಟು ಸುತ್ತು ತಪ್ಪುವುದಿಲ್ಲ ಎಂಬುದೂ ಲಿನಿಯಲ್ ಕೆಲಸದಿಂದಲೇ ಹೊರಡುತ್ತದೆ.

ಇದೇ ಸುಲಿಯುವ ವಿಧಾನ ಮರದಾಚೆಗೂ ನಡೆಯುತ್ತದೆ. ಸಮತಲ ಜಾಲದಲ್ಲಿ ಕೊಂಡಿಗಳು ನೋಡ್‌ಗಳ ಮೂರು ಪಟ್ಟಿಗಿಂತ ಕಡಿಮೆ. ಆದ್ದರಿಂದ ಅರ್ಧಕ್ಕಿಂತ ಹೆಚ್ಚು ನೋಡ್‌ಗಳಿಗೆ ಹನ್ನೆರಡು ಅಥವಾ ಅದಕ್ಕಿಂತ ಕಡಿಮೆ ಪಕ್ಕದವರು. ಮಿತಿ 12 ಎಂದಿಟ್ಟು ಸುಲಿದರೆ ಹತ್ತು ಲಕ್ಷ ನೋಡ್‌ಗಳು 20 ಸುತ್ತಿನಲ್ಲಿ ಖಾಲಿ. ಪದರದೊಳಗೆ ಹನ್ನೆರಡು ಕಾಡು. ಹನ್ನೆರಡರ ಬಣ್ಣಗಳನ್ನೂ ಒಮ್ಮೆಗೇ ಜೋಡಿಸಿದರೆ 531441 ಬಣ್ಣವಾಗಿ ಕೈಮೀರುತ್ತದೆ, ಆದ್ದರಿಂದ ಕಾಡುಗಳನ್ನು ಒಂದೊಂದಾಗಿ ಸೇರಿಸುತ್ತ, ಪ್ರತಿ ಸಲವೂ 13 ಬಣ್ಣಕ್ಕೆ ಇಳಿಸುತ್ತ ಹೋಗಿ. ಕೊನೆಗೆ ಪದರಗಳನ್ನು ಹಿಂದಿನಿಂದ ಮುಂದಕ್ಕೆ ಬಿಡಿಸಿದರೆ ಇಡೀ ಜಾಲಕ್ಕೆ 13 ಬಣ್ಣ, ಐನೂರ ಚಿಲ್ಲರೆ ಸುತ್ತು. ಕೊಂಡಿಗಳನ್ನು ಕೆಲವೇ ಕಾಡುಗಳಾಗಿ ಒಡೆಯಬಹುದಾದ ಯಾವುದೇ ಜಾಲಕ್ಕೆ ಈ ದಾರಿಯನ್ನು ಬೇರೆನ್‌ಬೋಯ್ಮ್ ಮತ್ತು ಎಲ್ಕಿನ್ 2008ರಲ್ಲಿ ಅಚ್ಚುಕಟ್ಟಾಗಿ ಕಟ್ಟಿಕೊಟ್ಟರು.

ನನಗೆ ಇದರಲ್ಲಿ ಹೆಚ್ಚು ಇಷ್ಟವಾಗುವುದು, ತಪ್ಪು ಊಹೆ ಇಲ್ಲಿ ತಾನೇ ಸಿಕ್ಕಿಬೀಳುತ್ತದೆ ಎಂಬುದು. ಜಾಲ ವಿರಳ ಎಂದು ನಂಬಿ ಹೊರಟಿದ್ದೀರಿ, ಆದರೆ ಎಲ್ಲೋ ಹದಿನಾಲ್ಕು ಸ್ವಿಚ್‌ಗಳನ್ನು ಯಾರೋ ಪರಸ್ಪರ ಪೂರ್ತಿ ಜೋಡಿಸಿಟ್ಟಿದ್ದಾರೆ. ಅವುಗಳಲ್ಲಿ ಪ್ರತಿಯೊಂದಕ್ಕೂ ಹದಿಮೂರು ಪಕ್ಕದವರು, ಯಾರೂ ಹೊರಬರಲಾರರು. ಇಪ್ಪತ್ತು ಸುತ್ತು ಕಳೆದರೂ ತಾನು ಒಳಗೇ ಇದ್ದೇನೆ ಎಂದು ಕಂಡ ಸ್ವಿಚ್, ಜಾಲದ ನಕ್ಷೆಯನ್ನೇ ನೋಡದೆ, ‘ನೀವು ಹೇಳಿದ ಆಕಾರ ಇದಲ್ಲ’ ಎಂದು ಗಂಟೆ ಬಾರಿಸಬಹುದು.

ಹಂತ 8: ಬದಲಾಗುವ ಜಾಲಕ್ಕೆ ಹನ್ನೊಂದು ಬೈಟ್‌ನ ಪಟ್ಟಿ

ಕೇಬಲ್ ಕಡಿಯುತ್ತದೆ, ಮಕ್ಕಳು ತಾಯಿಯನ್ನು ಬದಲಿಸುತ್ತಾರೆ. ಪ್ರತಿ ಸಲವೂ ಎಲ್ಲರೂ ಮೊದಲಿನಿಂದ ಶುರುಮಾಡಬೇಕಾಗಿಲ್ಲ. ಪ್ರತಿ ನೋಡ್ ತನ್ನ ಆರಂಭದ ಸಂಖ್ಯೆ ಮತ್ತು ಹತ್ತೂ ಸುತ್ತಿನ ಬಣ್ಣಗಳನ್ನು ಒಂದು ಪಟ್ಟಿಯಾಗಿ ಇಟ್ಟುಕೊಳ್ಳಲಿ. ಮ್ಯಾಕ್ ವಿಳಾಸಕ್ಕೆ 48 ಬಿಟ್, ನಂತರ 7, 4, 3, 3, ಆಮೇಲೆ ಆರು ಸಲ ಮೂರು: ಒಟ್ಟು 83 ಬಿಟ್, ಹನ್ನೊಂದು ಬೈಟ್‌ನಲ್ಲಿ ಹಿಡಿಯುತ್ತದೆ. ಆಗಾಗ ಈ ಪಟ್ಟಿಯನ್ನು ಪೂರ್ತಿಯಾಗಿ ಮಕ್ಕಳಿಗೆ ಪ್ರಸಾರ ಮಾಡಿ. ಮಗು ತನ್ನ ಪಟ್ಟಿಯ ಪ್ರತಿ ಸಾಲನ್ನೂ ತಾಯಿಯ ಪಟ್ಟಿಯ ಹಿಂದಿನ ಸಾಲಿನಿಂದ ಮತ್ತು ತನ್ನದೇ ಹಿಂದಿನ ಸಾಲುಗಳಿಂದ ಲೆಕ್ಕಹಾಕುತ್ತದೆ. ಕೊನೆಯ ಸಾಲೇ ಬಣ್ಣ. ಸಂದೇಶದಲ್ಲಿ ಸುತ್ತಿನ ಸಂಖ್ಯೆಯೂ ಈಗ ಬೇಡ.

ತಾಯಿ ಕೊಂಡಿಗಳು ಕದಲದೆ ನಿಂತ ಹತ್ತು ಪ್ರಸಾರಗಳೊಳಗೆ ಎಲ್ಲ ಪಟ್ಟಿಗಳೂ ಸರಿಯಾಗುತ್ತವೆ, ಮೊದಲು ಅವುಗಳಲ್ಲಿ ಏನೇ ಕಸ ತುಂಬಿರಲಿ. ಎಲ್ಲೋ ಒಬ್ಬಳು ತಾಯಿಯನ್ನು ಬದಲಿಸಿದರೆ ಅದರ ಪರಿಣಾಮ ಅವಳಿಂದ ಕೆಳಗೆ ಹತ್ತು ತಲೆಮಾರಿಗಿಂತ ಆಚೆ ಹೋಗದು. ಜಾಲದ ಉಳಿದ ಭಾಗಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. ಬದಲಾವಣೆಯ ನಡುವೆ ಕ್ಷಣಕಾಲ ಇಬ್ಬರಿಗೆ ಒಂದೇ ಬಣ್ಣ ಬರಬಹುದು, ಆದ್ದರಿಂದ ಪಟ್ಟಿ ಬದಲಾಗದೆ ಹತ್ತು ಹನ್ನೆರಡು ಪ್ರಸಾರ ಕಳೆದ ಮೇಲೆಯೇ ಮರುಚಾಲನೆಗೆ ಇಳಿಯಿರಿ, ಅದಕ್ಕೂ ಮುನ್ನ ಪಕ್ಕದವರು ಎದ್ದಿದ್ದಾರೆಯೇ ಎಂದು ಒಮ್ಮೆ ಕೇಳಿ.

ರೂಟಿಂಗ್ ಗಲಿಬಿಲಿಯಲ್ಲಿ ತಾಯಿ ಕೊಂಡಿಗಳು ವೃತ್ತವಾಗಿ ಸುತ್ತಿಕೊಳ್ಳುವುದೂ ಉಂಟು: ಕ ತಾಯಿ ಖ, ಖ ತಾಯಿ ಗ, ಗ ತಾಯಿ ಮತ್ತೆ ಕ. ಅದಕ್ಕಾಗಿ ಬೇರೆ ಕೋಡ್ ಬರೆಯಬೇಡಿ. ಮೂರನೇ ಹಂತದ ಪುರಾವೆಯನ್ನು ಇನ್ನೊಮ್ಮೆ ಓದಿ ನೋಡಿ: ಪ್ರತಿಯೊಬ್ಬರಿಗೂ ತಾಯಿ ಒಬ್ಬಳೇ ಎಂಬುದನ್ನು ಅದು ಬಳಸಿದೆ, ಬೇರು ಇದೆ ಎಂಬುದನ್ನು ಎಲ್ಲಿಯೂ ಬಳಸಿಲ್ಲ. ವೃತ್ತದಲ್ಲಿ ಯಾರೂ ಬೇರಿನ ನಿಯಮಕ್ಕೆ ಹೋಗುವುದಿಲ್ಲ ಅಷ್ಟೆ, ಮೂರು ಬಣ್ಣ ಅಲ್ಲಿಯೂ ಸರಿಯಾಗಿಯೇ ಬರುತ್ತದೆ.